ನಾಯಿಮರಿಗೂ ವಾಕಿಂಗಾ? ಬೇಟೆನಾಯಿ ಕಾಳಿಯಿಂದ ಬೆಲ್ಟಿನ ಮರಿಯವರೆಗೆ

ಆಲೂರು ಕಡೆಯ ಒಂದು ತೋಟದ ರಸ್ತೆ. ಹುಡುಗನೊಬ್ಬ ನಾಲ್ಕು ತಿಂಗಳ ಮರಿಗೆ ಬೆಲ್ಟು ಹಾಕಿ ನಡೆಸಿಕೊಂಡು ಬರುತ್ತಿದ್ದ. ಜಗಲಿ ಮೇಲೆ ಕೂತಿದ್ದ ಅಜ್ಜಿ ನಕ್ಕರು: "ಏನ್ ಮಗಾ, ನಾಯಿಗೂ ವಾಕಿಂಗಾ?"

"ಬಿಟ್ರೆ ತೋಟಕ್ಕೆ ನುಗ್ತದೆ ಅಜ್ಜಿ. ಆನೆ ಇದೆ ಅಂತ ಮೆಸೇಜ್ ಬಂದಿದೆ."

ಅಜ್ಜಿ ನಕ್ಕಿದ್ದರಲ್ಲಿ ತಪ್ಪಿಲ್ಲ. ನಮ್ಮ ಸೀಮೆಯಲ್ಲಿ ನಾಯಿಯನ್ನು ಯಾರೂ ನಡೆಸುತ್ತಿರಲಿಲ್ಲ. ಗದ್ದೆಗೆ, ತೋಟಕ್ಕೆ, ಬೇಟೆಗೆ ಅದೇ ನಮ್ಮ ಹಿಂದೆ ಬರುತ್ತಿತ್ತು. ಮರಿ ದೊಡ್ಡ ನಾಯಿಯ ಬೆನ್ನು ಹಿಡಿದು ದಾರಿ ಕಲಿಯುತ್ತಿತ್ತು.

ಕನ್ನಡ ನಾಡಿನಲ್ಲಿ ನಾಯಿಗೆ ಸಿಕ್ಕ ದೊಡ್ಡ ಗೌರವವೂ ಬೇಟೆಯಿಂದಲೇ ಬಂದದ್ದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇದಕ್ಕೆ ಸಾಕ್ಷಿ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೇರನಿಗೆ ಗಂಗರ ಬೂತುಗ "ಏನು ಬೇಕೋ ಕೇಳು" ಎಂದ. ಮಣಲೇರ ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡುವಂತಿಲ್ಲ ಎಂದೂ ಬರೆಸಿದರು. ನಾಯಿ, ಹಂದಿ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಸಕಲೇಶಪುರ ಸೀಮೆಗೆ ಆಗಿನ ಹೆಸರು ಮಂಜರಾಬಾದ್. 19ನೇ ಶತಮಾನದಲ್ಲಿ ಇಲ್ಲಿಗೆ ಬಂದ ಬಿಳಿಯ ತೋಟಗಾರರಿಗೂ ಬೇಟೆಯ ಹುಚ್ಚಿತ್ತು. ಇಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಚಿನ್ನ, ಕಾಫಿಯ ಜೊತೆಗೆ ಬೇಟೆಯೂ ಇದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಟೆ ಅಪರಾಧವಾಯಿತು. ನಾಯಿಗೆ ಮನೆ ಕಾಯುವ ಕೆಲಸ ಉಳಿಯಿತು, ಆದರೆ ಬಿಟ್ಟು ಸಾಕುವ ಅಭ್ಯಾಸ ನಮ್ಮಿಂದ ಹೋಗಲಿಲ್ಲ. ಕದ್ದು ಹಂದಿಗೆ ಒಡ್ಡುವ ತಂತಿ ಉರುಳಿಗೆ ಇವತ್ತೂ ಅಡ್ಡಾಡುವ ನಾಯಿಗಳು ಸಿಕ್ಕಿ ಸಾಯುತ್ತವೆ. ಚಿರತೆಗಂತೂ ನಾಯಿ ಸುಲಭದ ತುತ್ತು.

ಆನೆಯದು ಬೇರೆಯೇ ಕಥೆ. ಆಲೂರು, ಸಕಲೇಶಪುರದಲ್ಲಿ ಆನೆ ತೋಟದೊಳಗೇ ಇರುತ್ತದೆ. ನಾಯಿ ಬೊಗಳುತ್ತಾ ಹೋಗಿ ಆನೆಯನ್ನು ಕೆಣಕುತ್ತದೆ. ಆನೆ ತಿರುಗಿಬಿದ್ದರೆ ಓಡಿ ಬರುವುದು ನಮ್ಮ ಕಾಲಬುಡಕ್ಕೇ, ಹಿಂದೆಯೇ ಆನೆ. ಕರೆದರೆ ನಿಲ್ಲದ ನಾಯಿ ಯಜಮಾನನ ಜೀವಕ್ಕೇ ಅಪಾಯ. ಹಗ್ಗಕ್ಕೆ ಒಗ್ಗುವುದನ್ನು, ಕರೆದ ಕೂಡಲೇ ಬರುವುದನ್ನು ಮರಿಯಿದ್ದಾಗಲೇ ಕಲಿಸಬೇಕು.

ಇನ್ನೊಂದು ಭಯ ಹುಚ್ಚುನಾಯಿ ರೋಗದ್ದು. ಫ್ರಾನ್ಸಿನ ಲೂಯಿ ಪಾಶ್ಚರ್ 1885ರಲ್ಲಿ ಇದಕ್ಕೆ ಲಸಿಕೆ ಕೊಟ್ಟು ಬಾಲಕನೊಬ್ಬನನ್ನು ಉಳಿಸಿದರು. ದಕ್ಷಿಣ ಭಾರತಕ್ಕೆಂದು ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾದದ್ದು 1907ರಲ್ಲಿ. ಈಗ ಅಷ್ಟು ದೂರ ಹೋಗಬೇಕಿಲ್ಲ. ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ, ವರ್ಷ ವರ್ಷ ಮರೆಯಬೇಡಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಎಳೆಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೊ ರೋಗ ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಅದರ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ ನಾಲ್ಕು ತಿಂಗಳವರೆಗೆ ಕಂತಿನಲ್ಲಿ ನಡೆಯುತ್ತದೆ. ಅಲ್ಲಿಯವರೆಗೆ ಬೀದಿನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ, ಎತ್ತಿಕೊಂಡೇ ಊರು ತೋರಿಸಿ. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ನಡೆಸಿ. ಬೆಳಕಿದ್ದಾಗ ಹೋಗಿ, ಹೊರಡುವ ಮೊದಲು ಆನೆಯ ಮೆಸೇಜ್ ನೋಡಿ. ಮಳೆಗಾಲದಲ್ಲಿ ಮನೆಗೆ ಬಂದಮೇಲೆ ಕಾಲಿನ ಸಂದಿಯಲ್ಲಿ ಇಂಬಳ, ಕಿವಿಯಲ್ಲಿ ಉಣ್ಣೆ ಇದೆಯಾ ಎಂದು ಹುಡುಕಿ.

ಕಾಳಿಯನ್ನು ಹಂದಿಯ ಮೇಲೆ ಬಿಟ್ಟವರು ಅದು ಸತ್ತಮೇಲೆ ಕಲ್ಲು ನಿಲ್ಲಿಸಿದರು. ಆಲೂರಿನ ಆ ಹುಡುಗ ಮಾಡುತ್ತಿರುವುದು ಅದಕ್ಕಿಂತ ಸಣ್ಣ ಕೆಲಸ, ಮರಿ ಬದುಕಿರುವಾಗಲೇ ಮಾಡುವ ಕೆಲಸ. ನಗಬೇಡಿ, ದಾರಿ ಬಿಡಿ.