ಕೈಬ್ರೇಕಿನ ಕಥೆ

ಗಾಡಿಯನ್ನು ಓಡಿಸುವುದಕ್ಕೆ ಮನುಷ್ಯನು ಪಟ್ಟ ಪಾಡಿನ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅದನ್ನು ನಿಲ್ಲಿಸುವುದಕ್ಕೆ, ನಿಲ್ಲಿಸಿದ ಕಡೆಯಲ್ಲೇ ನಿಂತಿರುವಂತೆ ಮಾಡುವುದಕ್ಕೆ, ಅವನು ಪಟ್ಟ ಪಾಡು ಅಷ್ಟಾಗಿ ಪ್ರಚಾರದಲ್ಲಿಲ್ಲ. ನಮ್ಮ ಎತ್ತಿನ ಗಾಡಿಯವನು ಇಳಿಜಾರು ಬಂದಾಗ ಬಿರಿ ಬಿಗಿಯುತ್ತಿದ್ದ. ಏರಿನಲ್ಲಿ ನಿಲ್ಲಬೇಕಾದರೆ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಮೋಟಾರು ಕಾರಿನಲ್ಲಿ ಈ ಎರಡು ಕೆಲಸಗಳಿಗೂ ಒದಗತಕ್ಕದ್ದು ಕೈಬ್ರೇಕು. ನಿಮ್ಮ ಮನೆಯಲ್ಲಿ ಹಿರಿಯರ ಕಾಲದ ಮೋರಿಸ್ ಕಾರೊಂದು ಉಳಿದಿದ್ದರೆ ಅದರ ಕೈಬ್ರೇಕಿನ ಹಿಡಿಕೆಯನ್ನು ಎಷ್ಟೋ ಸಲ ಎಳೆದಿರುತ್ತೀರಿ. ಆ ಹಿಡಿಕೆಯ ಚರಿತ್ರೆಯನ್ನು ಬಲ್ಲವರಿಗೆ ಅದನ್ನು ಹದಗೊಳಿಸುವ ಕ್ರಮ ತಿಳಿಯುವುದು ಕಷ್ಟವಲ್ಲ.

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಹಕ್ಕುಪತ್ರ ಪಡೆದದ್ದು 1886ರಲ್ಲಿ. ಅದರ ಬ್ರೇಕನ್ನು ಕೈಯಿಂದಲೇ ಹಾಕಬೇಕಾಗಿತ್ತು. ಸನ್ನೆಯನ್ನು ಎಳೆದರೆ ಮರದ ತುಂಡು ಒತ್ತಿಕೊಂಡು ತಿರುಗುವುದನ್ನು ತಡೆಯುತ್ತಿತ್ತು. ಅಂದರೆ ಎತ್ತಿನ ಗಾಡಿಯ ಬಿರಿಗಿಂತ ಬಹಳ ಬೇರೆಯದಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಅವನ ಹೆಂಡತಿ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮ್‌ಗೆ ಅದೇ ಬಗೆಯ ಗಾಡಿಯಲ್ಲಿ ಹೊರಟಳು. ಹಾದಿ ನೂರು ಕಿಲೋಮೀಟರಿಗೂ ಹೆಚ್ಚು. ಇಳಿಜಾರುಗಳಲ್ಲಿ ಉಜ್ಜಿ ಉಜ್ಜಿ ಮರದ ತುಂಡು ಸವೆದುಹೋಯಿತು. ಆಕೆ ಹೆದರಲಿಲ್ಲ. ದಾರಿಯಲ್ಲಿ ಪಾದರಕ್ಷೆ ಮಾಡುವ ಕುಶಲಿಯೊಬ್ಬನನ್ನು ಹಿಡಿದು ಆ ತುಂಡಿಗೆ ತೊಗಲನ್ನು ಹೊಡೆಸಿಕೊಂಡು ಮುಂದೆ ಸಾಗಿದಳು. ಬ್ರೇಕಿನಲ್ಲಿ ಸವೆಯುವ ಭಾಗ ಬೇರೆ, ಒತ್ತುವ ಭಾಗ ಬೇರೆ. ಸವೆದದ್ದನ್ನು ಬದಲಿಸಬೇಕೇ ಹೊರತು ಸನ್ನೆಯನ್ನು ಇನ್ನಷ್ಟು ಬಲವಾಗಿ ಎಳೆದರೆ ಪ್ರಯೋಜನವಿಲ್ಲ. ಈ ತತ್ತ್ವವನ್ನು ಆಕೆ ಅಂದೇ ತೋರಿಸಿಕೊಟ್ಟಳು. ಇದನ್ನು ನೆನಪಿನಲ್ಲಿಡಿ, ಮುಂದೆ ಇದೇ ಬೇಕಾಗುತ್ತದೆ.

ಇಂಗ್ಲೆಂಡಿನ ಡರ್ಬಿಷೈರ್ ಬೆಟ್ಟಗಳ ಸೀಮೆ. ಅಲ್ಲಿನ ರೈತರು ಕುದುರೆ ಗಾಡಿಯನ್ನು ಇಳಿಜಾರಿನಲ್ಲಿ ತಡೆಯಲು ಹಳೆಯ ಬೂಟುಗಳನ್ನು ಚಕ್ರಕ್ಕೆ ಒತ್ತುತ್ತಿದ್ದರೆಂದೂ, ಅದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತನು ಇದಕ್ಕಿಂತ ಉತ್ತಮವಾದ ವಸ್ತುವನ್ನು ಹುಡುಕಲು ಹೊರಟನೆಂದೂ ಹೇಳುತ್ತಾರೆ. ಅವನು ಈ ಉದ್ಯಮವನ್ನು ಆರಂಭಿಸಿದ್ದು 1897ರಲ್ಲಿ. ಮುಂದೆ ಅವನು ಕಲ್ನಾರಿನಿಂದ ಬ್ರೇಕಿನ ಲೈನಿಂಗು ತಯಾರಿಸಿದನು. ‘ಫೆರೋಡೊ’ ಎಂಬ ಪ್ರಸಿದ್ಧ ಹೆಸರು ಅವನ ಹೆಸರಿನ ಅಕ್ಷರಗಳನ್ನೇ ಹೊರಳಿಸಿ, ಹೆಂಡತಿಯ ಹೆಸರಿನ ಮೊದಲ ಅಕ್ಷರವನ್ನು ಸೇರಿಸಿ ಕಟ್ಟಿದ್ದು. ಕಲ್ನಾರು ಕಾವನ್ನು ಚೆನ್ನಾಗಿ ತಡೆಯಿತು. ಆದರೆ ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಕಾಲಕ್ರಮದಲ್ಲಿ ಸಿದ್ಧವಾಯಿತು. ಬ್ರಿಟನ್ನಿನಲ್ಲಿ 1999ರಲ್ಲಿ ಅದಕ್ಕೆ ಪೂರ್ಣ ನಿಷೇಧ ಬಂದಿತು.

ಚಕ್ರದ ಹೊರಮೈಗೆ ಒತ್ತುವ ಬ್ರೇಕಿಗೆ ಮಳೆ ಕೆಸರುಗಳ ಕಾಟ ತಪ್ಪದು. ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ಇದಕ್ಕೆ ಪರಿಹಾರ ಕಂಡನು. ಚಕ್ರದೊಂದಿಗೆ ತಿರುಗುವ ಒಂದು ಡ್ರಮ್ಮು. ಅದರ ಒಳಗೆ ಎರಡು ಬಿಲ್ಲಿನಾಕಾರದ ತುಂಡುಗಳು. ಸನ್ನೆ ಎಳೆದಾಗ ಅವು ಅಗಲಗೊಂಡು ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತವೆ. ಇವಕ್ಕೆ ಷೂ ಎಂದು ಹೆಸರು. ಹಳೆಯ ಮೋರಿಸ್ ಕಾರುಗಳ ಹಿಂದಿನ ಚಕ್ರಗಳಲ್ಲಿ ಇರುವುದು ಇದೇ ಏರ್ಪಾಡು.

ಬ್ರೇಕು ಒಂದೇ ಸಾಕೆ? ಸಾಲದೆಂದು ಬಹು ಬೇಗನೆ ಮನವರಿಕೆಯಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬ್ರೇಕುಗಳು ಪ್ರತಿಯೊಂದು ಮೋಟಾರು ಕಾರಿಗೂ ಇರತಕ್ಕದ್ದೆಂದು ಬ್ರಿಟನ್ನಿನ 1904ರ ನಿಯಮಗಳು ವಿಧಿಸಿದುವು. ಕಾಲಿಗೊಂದು, ಕೈಗೊಂದು. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನಲ್ಲಿ ಮೊದಮೊದಲು ಕಾಲಿನ ಬ್ರೇಕು ಹಿಂದಿನ ಚಕ್ರಗಳನ್ನೂ ಕೈಬ್ರೇಕು ಮುಂದಿನ ಚಕ್ರಗಳನ್ನೂ ಹಿಡಿಯುತ್ತಿದ್ದುವು. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ‘ಟಿ’ ಕಾರನ್ನು ಮುಂದೆ ನಿಂತು ಹ್ಯಾಂಡಲ್ ಹೊಡೆದು ಎಬ್ಬಿಸಬೇಕಾಗಿತ್ತು. ಕೈಬ್ರೇಕು ಸಡಿಲವಾಗಿದ್ದರೆ ಎಂಜಿನ್ ಎದ್ದೊಡನೆ ಗಾಡಿ ಹ್ಯಾಂಡಲ್ ಹೊಡೆದವನ ಮೇಲೆಯೇ ಸರಿದು ಬರುತ್ತಿತ್ತು. ಕೈಬ್ರೇಕಿನ ಬೆಲೆ ಅವನಿಗೆ ಗೊತ್ತು!

ಆಮೇಲೆ ದ್ರವದ ಬ್ರೇಕು ಬಂದಿತು. ಮಾಲ್ಕಮ್ ಲಾಕ್‌ಹೀಡ್ ಎಂಬ ಅಮೆರಿಕದವನು ರೂಪಿಸಿದ ಈ ವಿಧಾನವು 1921ರಲ್ಲಿ ಡ್ಯೂಸನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಅಳವಟ್ಟಿತು. ಪೆಡಲನ್ನು ತುಳಿದರೆ ಕೊಳವೆಗಳಲ್ಲಿರುವ ದ್ರವವು ಎಲ್ಲ ಚಕ್ರಗಳಿಗೂ ಒತ್ತಡವನ್ನು ಒಯ್ಯುತ್ತದೆ. ಇದು ಬಹಳ ಸೊಗಸು. ಆದರೆ ಹಳೆಯ ಕಾರುಗಳಲ್ಲಿ ಆ ಕೊಳವೆಗಳೆಲ್ಲವೂ ಒಂದೇ ಜಾಲ. ಒಂದು ಕಡೆ ಸೋರಿದರೆ ನಾಲ್ಕು ಚಕ್ರಗಳ ಬ್ರೇಕೂ ಹೋದಂತೆಯೇ. ಆಗ ಉಳಿಯುವ ಆಸರೆ, ದ್ರವದ ಹಂಗಿಲ್ಲದೆ ಉಕ್ಕಿನ ಕೇಬಲ್ಲಿನಿಂದ ಎಳೆಯುವ ಕೈಬ್ರೇಕು ಒಂದೇ. ಆದುದರಿಂದ ಅದು ಕೇವಲ ಕಾರು ನಿಲ್ಲಿಸಿದ ಮೇಲೆ ಎಳೆಯುವ ಹಿಡಿಕೆಯಲ್ಲ. ಆಪತ್ತಿಗೆ ಇರುವ ಎರಡನೆಯ ಕೈ.

ಈಗ ಅದನ್ನು ಹದಗೊಳಿಸುವ ವಿಚಾರ. 1948ರಿಂದ 1971ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಮೋರಿಸ್ ಮೈನರ್ ಕಾರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿಯೂ ಹಿಂದೂಸ್ಥಾನ್ ಮೋಟಾರ್ಸಿನವರು ಒಂದು ಕಾಲದಲ್ಲಿ ಅದನ್ನು ಬೇಬಿ ಹಿಂದೂಸ್ಥಾನ್ ಎಂಬ ಹೆಸರಿನಿಂದ ಹೊರತಂದಿದ್ದರು. ಹಿಡಿಕೆ ಮೇಲೆ ಮೇಲೆ ಬರುತ್ತಿದೆ, ಆದರೂ ಕಾರು ಇಳಿಜಾರಿನಲ್ಲಿ ನಿಲ್ಲುತ್ತಿಲ್ಲ ಎನ್ನಿ. ಒಡನೆಯೇ ಕೇಬಲ್ಲನ್ನು ಬಿಗಿಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಸವೆದಿರುವುದು ಚಕ್ರದಲ್ಲಿ, ಬಿಗಿಯುವುದು ಹಿಡಿಕೆಯಲ್ಲಿ! ಇದರಿಂದ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಬೆರ್ತಾ ಬೆಂಜ್ ಮಾಡಿದಂತೆ ಮೊದಲು ಸವೆದ ಭಾಗವನ್ನು ನೋಡಬೇಕು.

ಕಾರನ್ನು ಸಮತಲದಲ್ಲಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಡಿ. ಏಕೆಂದರೆ ಈ ಕೆಲಸಕ್ಕೆ ಕೈಬ್ರೇಕನ್ನು ಬಿಟ್ಟಿರಬೇಕು. ಹಿಂದಿನ ಚಕ್ರಗಳನ್ನು ಜಾಕಿಯಿಂದ ಎತ್ತಿ ಭದ್ರವಾದ ಆಸರೆಯ ಮೇಲೆ ನಿಲ್ಲಿಸಿ. ಜಾಕಿಯೊಂದನ್ನೇ ನಂಬಬೇಡಿ. ಚಕ್ರದ ಮುಚ್ಚಳ ತೆಗೆದರೆ ಒಂದು ರಂಧ್ರವೂ ಅದರೊಳಗೆ ಹೊಂದಿಸುವ ತಿರುಪೂ ಸಿಕ್ಕುತ್ತವೆ. ಚಕ್ರ ತಿರುಗದಂತೆ ಹಿಡಿಯುವವರೆಗೆ ಅದನ್ನು ಬಿಗಿದು, ಬಳಿಕ ಚಕ್ರ ಸರಾಗವಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಸಡಿಲಿಸಿ. ಎರಡು ಚಕ್ರಗಳಿಗೂ ಹೀಗೆಯೇ ಮಾಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಇನ್ನೂ ಹಿಡಿಕೆ ಸಡಿಲವಾಗಿದ್ದರೆ ಮಾತ್ರ ಕೇಬಲ್ಲಿನ ಸರದಿ. ಹಿಡಿಕೆಯನ್ನು ಮೂರನೆಯ ಹಲ್ಲಿನವರೆಗೆ ಎಳೆದಿಟ್ಟು, ಅದರ ಬುಡದಲ್ಲಿ ಎರಡು ಕೇಬಲ್ಲುಗಳಿಗೂ ಇರುವ ನಟ್ಟುಗಳನ್ನು ಬಿಗಿಯಿರಿ. ಕೈಯಿಂದ ಬಲವಾಗಿ ತಿರುಗಿಸಿದರೆ ಮಾತ್ರ ಚಕ್ರ ತಿರುಗುವಷ್ಟು ಬಿಗಿ ಸಾಕು. ಎರಡೂ ಚಕ್ರಗಳು ಸಮನಾಗಿ ಹಿಡಿಯಬೇಕು. ಹಿಡಿಕೆ ಬಿಟ್ಟ ಮೇಲೆ ಎರಡೂ ಸರಾಗವಾಗಿ ತಿರುಗಬೇಕು; ಇಲ್ಲವಾದರೆ ಉಜ್ಜಿ ಕಾದು ಲೈನಿಂಗು ಹಾಳಾಗುತ್ತದೆ. ನಮ್ಮ ಮಳೆಗಾಲದಲ್ಲಿ ಕೇಬಲ್ಲಿಗೆ ತುಕ್ಕು ಹಿಡಿಯುವುದುಂಟು. ಮಳೆಗೆ ಮುಂಚೆ ಗ್ರೀಸು ಹಾಕಿಸುವುದು ಒಳ್ಳೆಯದು.

ಇಷ್ಟಾದರೂ ಹಿಡಿಯದಿದ್ದರೆ ಲೈನಿಂಗು ಪೂರ್ತಿ ಸವೆದಿರಬಹುದು, ಅಥವಾ ದ್ರವ ಸೋರಿ ಅದು ನೆನೆದಿರಬಹುದು. ಆಗ ಡ್ರಮ್ಮು ಬಿಚ್ಚಿಸಲೇಬೇಕು. ಒಳಗಿನ ಧೂಳನ್ನು ಬಾಯಿಂದ ಊದಕೂಡದು, ಗಾಳಿಯ ಪಂಪಿನಿಂದಲೂ ಊದಿಸಕೂಡದು. ಅದರಲ್ಲಿ ಫ್ರೂಡನ ಕಾಲದ ಕಲ್ನಾರು ಇದ್ದೀತು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು.

ಎಲ್ಲವೂ ಸರಿಯಾದ ಮೇಲೂ ಇಳಿಜಾರಿನಲ್ಲಿ ಕಾರನ್ನು ಬಿಟ್ಟು ಹೋಗುವಾಗ ಗೇರು ಹಾಕಿ, ಮುಂದಿನ ಚಕ್ರವನ್ನು ರಸ್ತೆಯ ಅಂಚಿಗೆ ತಿರುಗಿಸಿಡಿ. ಹೆಚ್ಚು ಹೊತ್ತು ನಿಲ್ಲಿಸುವುದಿದ್ದರೆ ಚಕ್ರಕ್ಕೊಂದು ಕಲ್ಲು ಕೊಡಲು ನಾಚಬೇಕಾಗಿಲ್ಲ. ಕೆಳಗಡೆ ಬೀದಿಯಲ್ಲಿ ಆಡುತ್ತಿರುವ ಮಕ್ಕಳು ಯಾರ ಮನೆಯವರಾದರೂ ಆಗಿರಬಹುದು.