ಒಂದೇ ಫಿರಂಗಿ, ಮೂರು ಟ್ಯಾಂಕು

ಓಲೆಗರಿಗಳ ಪಾಠಾಂತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದರಲ್ಲಿ ನನ್ನ ಅರ್ಧ ಆಯುಸ್ಸು ಕಳೆದಿದೆ. ಯಾವ ಪ್ರತಿ ಯಾವುದರಿಂದ ಹುಟ್ಟಿತು, ಲಿಪಿಕಾರನು ಎಲ್ಲಿ ತನ್ನ ಕೈಚಳಕ ತೋರಿದನು ಎಂದು ಹುಡುಕುವ ಚಪಲ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಸೋವಿಯತ್ ಒಕ್ಕೂಟದ ಟ್ಯಾಂಕುಗಳ ಚರಿತ್ರೆಯನ್ನು ಓದತೊಡಗಿದಾಗ ಅಲ್ಲಿಯೂ ನನಗೆ ಇದೇ ಕಂಡಿತು. ಟಿ-64, ಟಿ-72, ಟಿ-80 ಎಂಬ ಮೂರು ಟ್ಯಾಂಕುಗಳು. ಮೂರಕ್ಕೂ 125 ಮಿಲಿಮೀಟರ್ ಬಾಯಿಯ ಫಿರಂಗಿ; ಒಳಗೆ ಕೂರುವವರು ಮೂವರೇ ಯೋಧರು; ಮಾಡುವ ಕೆಲಸವೂ ಒಂದೇ. ಆದರೆ ಒಂದರ ಎಂಜಿನು ಇನ್ನೊಂದಕ್ಕೆ ಕೂಡದು. ಸಕಲವೂ ಮಾಸ್ಕೋದ ಅಪ್ಪಣೆಯಂತೆ ನಡೆಯುತ್ತದೆಂದು ಹೆಸರಾಗಿದ್ದ ನಾಡಿನಲ್ಲಿ ಹೀಗೇಕಾಯಿತು?

ಮೂಲ ಪ್ರತಿ ಸಿದ್ಧವಾದದ್ದು ಉಕ್ರೇನಿನ ಖಾರ್ಕೋವ್ ನಗರದಲ್ಲಿ. ಅಲ್ಲಿನ ವಿನ್ಯಾಸಕಾರ ಮಿಖಾಯಿಲ್ ಕೋಷ್ಕಿನ್ 1940ರ ಮಾರ್ಚಿನ ಹಿಮದಲ್ಲಿ ಟಿ-34ರ ಎರಡು ಮಾದರಿಗಳನ್ನು ಮಾಸ್ಕೋವರೆಗೆ ಓಡಿಸಿಕೊಂಡು ಹೋದನು. ನ್ಯುಮೋನಿಯಾ ತಗುಲಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ತನ್ನ ಟ್ಯಾಂಕು ಯುದ್ಧರಂಗಕ್ಕೆ ಇಳಿದುದನ್ನು ಅವನು ಕಾಣಲೇ ಇಲ್ಲ. 1941ರಲ್ಲಿ ಜರ್ಮನ್ ಸೇನೆ ಸಮೀಪಿಸಲು, ಕಾರ್ಖಾನೆಯ ಯಂತ್ರಗಳನ್ನೂ ಕೆಲಸಗಾರರನ್ನೂ ರೈಲಿಗೇರಿಸಿ ಉರಲ್ ಸೀಮೆಯ ನಿಜ್ನಿ ತಗೀಲಿಗೆ ಸಾಗಿಸಿದರು. ಕೋಷ್ಕಿನನ ಉತ್ತರಾಧಿಕಾರಿ ಅಲೆಕ್ಸಾಂಡರ್ ಮೊರೊಜೊವ್ 1951ರಲ್ಲಿ ಖಾರ್ಕೋವಿಗೆ ಹಿಂದಿರುಗಿದನು. ತಗೀಲಿನ ವಿನ್ಯಾಸ ಶಾಲೆ ಲಿಯೊನಿದ್ ಕಾರ್ತ್ಸೆವನ ಕೈಗೆ ಬಂದಿತು. ಹೀಗೆ ಒಂದು ಮನೆ ಎರಡಾಯಿತು. ಇನ್ನು ದಾಯಾದಿ ಮತ್ಸರಕ್ಕೆ ಕೊರತೆಯೆಲ್ಲಿ?

ಮೊರೊಜೊವನು ಟಿ-64ರಲ್ಲಿ ಹಳೆಯದನ್ನೆಲ್ಲ ಒಮ್ಮೆಗೇ ಬಿಟ್ಟುಕೊಟ್ಟನು. ಗುಂಡು ತುಂಬುವ ನಾಲ್ಕನೆಯ ಯೋಧನನ್ನು ಇಳಿಸಿ ಆ ಕೆಲಸವನ್ನು ಯಂತ್ರಕ್ಕೆ ವಹಿಸಿದನು. ಬರಿಯ ಉಕ್ಕಿನ ಬದಲು ಪದರ ಪದರವಾದ ಮಿಶ್ರ ಕವಚವನ್ನು ತೊಡಿಸಿದನು. ಎಂಜಿನು ಇನ್ನೂ ವಿಚಿತ್ರ: ಮಲಗಿಸಿದ ಐದು ಸಿಲಿಂಡರುಗಳು, ಪ್ರತಿಯೊಂದರಲ್ಲಿಯೂ ಎದುರುಬದುರಾಗಿ ಓಡಾಡುವ ಎರಡೆರಡು ಪಿಸ್ಟನ್ನುಗಳು, ಪುಟ್ಟ ಜಾಗದಲ್ಲಿ 700 ಅಶ್ವಶಕ್ತಿ. 125 ಮಿಲಿಮೀಟರ್ ಫಿರಂಗಿ ಹೊತ್ತ ಟಿ-64ಎ 1968ರಲ್ಲಿ ಸೇನೆಗೆ ಸ್ವೀಕೃತವಾಯಿತು. ಪ್ರತಿಭೆಯೇನೋ ನಿಜ, ಆದರೆ ಆ ಎಂಜಿನನ್ನು ತಯಾರಿಸುವುದೂ ಕಷ್ಟ, ಸಾಕುವುದೂ ಕಷ್ಟ.

ಇದನ್ನೇ ನೀವೂ ತಯಾರಿಸಿ ಎಂದಾಗ ತಗೀಲಿನವರು ಸುಮ್ಮನಿರಲಿಲ್ಲ. ಟಿ-64ರ ಒಡಲಿನಿಂದ ಆರಂಭಿಸಿ, ಅದರೊಳಗೆ ಟಿ-34ರ ಡೀಸೆಲ್ ಎಂಜಿನಿನ ವಂಶದ್ದೇ ಆದ 780 ಅಶ್ವಶಕ್ತಿಯ ಎಂಜಿನನ್ನೂ ತಾವೇ ರೂಪಿಸಿದ ಗುಂಡು ತುಂಬುವ ಯಂತ್ರವನ್ನೂ ಕೂಡಿಸಿದರು. ಕಾರ್ತ್ಸೆವನು 1969ರಲ್ಲಿ ಹುದ್ದೆ ಬಿಟ್ಟನು. ಅವನ ನಂತರ ಬಂದ ವೆನೆದಿಕ್ತೊವ್ ಕೆಲಸ ಮುಗಿಸಿದನು. 1973ರಲ್ಲಿ ಸ್ವೀಕೃತವಾದ ಈ ಟಿ-72 ಅಗ್ಗ, ಗಟ್ಟಿ, ಸರಳ. ಪಂಡಿತರು ಮೆಚ್ಚಿದ ಪ್ರತಿಗಿಂತ ಊರೂರಿನ ಗಮಕಿಗಳ ಕೈಯಲ್ಲಿ ಓಡಾಡಿದ ಪ್ರತಿ ಹೆಚ್ಚು ಬಾಳುವುದುಂಟಷ್ಟೆ! ಲೋಕವೆಲ್ಲ ಹರಡಿದ್ದು ಟಿ-72ವೇ. ಲೆನಿನ್‌ಗ್ರಾಡಿನವರು ತಾವೇಕೆ ಹಿಂದುಳಿಯಬೇಕೆಂದು ಟಿ-64ರ ವಂಶಕ್ಕೇ ವಿಮಾನದ ಜಾತಿಯ ಟರ್ಬೈನನ್ನು ಜೋಡಿಸಿ, 1976ರಲ್ಲಿ ಟಿ-80ನ್ನು ತಂದರು. ರಕ್ಷಣಾ ಸಚಿವ ಉಸ್ತಿನೊವನ ಒಲವು ಅದರ ಕಡೆಗಿತ್ತು. ವೇಗವೇನೋ ಬಂದಿತು, ಆದರೆ ನಿಂತಲ್ಲಿಯೂ ಇಂಧನ ಕುಡಿಯುವ ಎಂಜಿನು.

ಮೂರು ಪ್ರತಿಗಳೂ ಬಿಡದೆ ಉಳಿಸಿಕೊಂಡ ಪಾಠವೊಂದಿದೆ. ನಾಲ್ಕನೆಯವನನ್ನು ಇಳಿಸಿದ್ದರಿಂದ ಟ್ಯಾಂಕು ತಗ್ಗಾಯಿತು, ಹಗುರಾಯಿತು. ಆದರೆ ಯಂತ್ರಕ್ಕೆ ಬೇಕಾದ ಗುಂಡುಗಳೂ ಮದ್ದೂ ಗೋಪುರದ ಬುಡದಲ್ಲಿ, ಯೋಧರನ್ನು ಬಳಸಿದಂತೆ ಚಕ್ರಾಕಾರವಾಗಿ ಬಂದು ಕುಳಿತವು. ಅಮೆರಿಕದ ಅಬ್ರಾಮ್ಸ್ ಟ್ಯಾಂಕಿನಲ್ಲಿ ಬಹುಪಾಲು ಗುಂಡುಗಳಿಗೆ ಬೇರೆ ಕೋಣೆ, ನಡುವೆ ಉಕ್ಕಿನ ಕದ. ಇಲ್ಲಿ ಅಂಥ ಕದವಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿಯೂ, 1994-95ರ ಚಳಿಗಾಲದಲ್ಲಿ ಗ್ರೋಜ್ನಿಯ ಬೀದಿಗಳಲ್ಲಿಯೂ ಮದ್ದಿಗೆ ಬೆಂಕಿ ತಗುಲಿ ಗೋಪುರಗಳೇ ಹಾರಿಬಿದ್ದವು. ಆ ಮೂವರ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಶಾಲೆಗಳು ಎಂಜಿನಿಗಾಗಿ ಕಾದಾಡಿದ ಛಲದಲ್ಲಿ ಒಂದಂಶವನ್ನು ಈ ದೋಷದ ಮೇಲೆ ತೋರಿಸಿದ್ದರೆ ಎಂದು ನನಗೆ ಅನಿಸುವುದುಂಟು.

ಈ ದಾಯಾದಿತನ ನಮ್ಮ ಗಡಿಗೂ ಬಂದಿದೆ. ಆವಡಿಯ ಕಾರ್ಖಾನೆ ಟಿ-72ನ್ನು ‘ಅಜೇಯ’ವೆಂಬ ಹೆಸರಿನಿಂದ ತಯಾರಿಸಿತು. ಒಕ್ಕೂಟ ಒಡೆದ ಮೇಲೆ ಖಾರ್ಕೋವಿನವರು ತಮ್ಮ ಡೀಸೆಲ್ ಎಂಜಿನು ಹೂಡಿದ 320 ಟಿ-80ಯುಡಿ ಟ್ಯಾಂಕುಗಳನ್ನು ಪಾಕಿಸ್ತಾನಕ್ಕೆ ಮಾರಿದರು. ಅದಾದ ಮೇಲೆ, 2001ರಲ್ಲಿ, ಭಾರತವು ತಗೀಲಿನ ಟಿ-90ಕ್ಕೆ ಒಪ್ಪಂದ ಮಾಡಿಕೊಂಡಿತು. ಹೆಸರು ಹೊಸದು, ಒಡಲು ಟಿ-72ರದೇ.

2022ರ ಫೆಬ್ರುವರಿಯಲ್ಲಿ ರಷ್ಯದ ಟಿ-72, ಟಿ-80 ಟ್ಯಾಂಕುಗಳು ಉಕ್ರೇನಿನೊಳಕ್ಕೆ ನುಗ್ಗಿದವು. ರಷ್ಯದ ಸೇನೆ ಖಾರ್ಕೋವಿನ ಅಂಚಿಗೆ ಬಂದಿತು. ಉಕ್ರೇನಿನ ಸೇನೆ ಅದನ್ನು ತಡೆದು ನಿಂತದ್ದು, ಮೊರೊಜೊವನು ಅದೇ ಊರಿನಲ್ಲಿ ರೂಪಿಸಿದ ಟಿ-64ಗಳೊಡನೆ.