ಖಾಲಿ ನಿಂತ ಯಂತ್ರದ ಖರ್ಚು ಯಾರ ತಲೆಗೆ?

ಕಾರ್ಖಾನೆಯ ಬಾಡಿಗೆ, ಯಂತ್ರಗಳ ಸವಕಳಿ, ಸೂಪರ್‌ವೈಸರ್ ಸಂಬಳ ಇವನ್ನೆಲ್ಲ ಒಂದು ಬೋಲ್ಟಿಗೆ ಇಷ್ಟು ಎಂದು ನೇರವಾಗಿ ಬರೆಯಲಾಗದು. ಒಟ್ಟು ಖರ್ಚು ತಿಳಿಯುವುದು ವರ್ಷದ ಕೊನೆಗೆ; ಗಿರಾಕಿಗೆ ದರ ಹೇಳಬೇಕಾದದ್ದು ಇವತ್ತೇ. ಹಾಗಾಗಿ ಮೊದಲೇ ಒಂದು ಓವರ್‌ಹೆಡ್ ದರ ಅಂದಾಜು ಮಾಡಿಕೊಳ್ಳುತ್ತಾರೆ. ಅಂದಾಜಿಗೂ ವಾಸ್ತವಕ್ಕೂ ನಡುವೆ ಉಳಿದ ಅಂತರವನ್ನು ಏನು ಮಾಡುವುದು?

1887ರಲ್ಲಿ ಇಂಗ್ಲೆಂಡಿನ ಗಾರ್ಕೆ ಮತ್ತು ಫೆಲ್ಸ್ ‘ಫ್ಯಾಕ್ಟರಿ ಅಕೌಂಟ್ಸ್’ ಪುಸ್ತಕದಲ್ಲಿ ಕಾರ್ಖಾನೆಯ ಲೆಕ್ಕವನ್ನು ವ್ಯಾಪಾರದ ಲೆಕ್ಕಕ್ಕೆ ಬೆಸೆದರು. ಅಂತರದ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವರು ಮಾತ್ರ ಇಂಜಿನಿಯರುಗಳು. 1901ರ ಲೇಖನಮಾಲೆಯಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚರ್ಚ್ ಪ್ರತಿ ಯಂತ್ರವನ್ನೂ ಬಾಡಿಗೆ ಕಟ್ಟುವ ಪುಟ್ಟ ಮಳಿಗೆಯಂತೆ ಕಂಡು, ಗಂಟೆಗಿಷ್ಟೆಂದು ದರ ಹಾಕಿದರು. ಯಂತ್ರ ನಿಂತು ವಸೂಲಾಗದೆ ಉಳಿದದ್ದನ್ನು ಪೂರಕ ದರವಾಗಿ ಆ ತಿಂಗಳ ಕೆಲಸಗಳ ಮೇಲೇ ಹಂಚಿದರು.

1915ರಲ್ಲಿ ಹೆನ್ರಿ ಗ್ಯಾಂಟ್ ಈ ಹಂಚಿಕೆಯ ಬುಡಕ್ಕೇ ಕೈಹಾಕಿದರು. ವಸ್ತುವಿನ ವೆಚ್ಚವೆಂದರೆ ಅದನ್ನು ತಯಾರಿಸಲು ನಿಜಕ್ಕೂ ಬೇಕಾದ ಖರ್ಚಷ್ಟೆ. ಸುಮ್ಮನೆ ನಿಂತ ಯಂತ್ರದ ಖರ್ಚು ಲಾಭ-ನಷ್ಟಕ್ಕೆ ಹೋಗಬೇಕು ಎಂದರು. ಇಲ್ಲವಾದರೆ ಆರ್ಡರ್ ಇಳಿದಾಗ ಉಳಿದ ವಸ್ತುಗಳ ಮೇಲೆ ಹೊರೆ ಏರುತ್ತದೆ, ಬೆಲೆ ಏರಿಸಿದರೆ ಆರ್ಡರ್ ಇನ್ನೂ ಇಳಿಯುತ್ತದೆ. ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಒಳನೋಟ ನನಗೆ ಕಂಡಿಲ್ಲ.

ಒಂದು ಲೆಕ್ಕ ನೋಡೋಣ. ಅಂದಾಜು ಸ್ಥಿರ ಓವರ್‌ಹೆಡ್ 12 ಲಕ್ಷ ರೂಪಾಯಿ, 24,000 ಯಂತ್ರಗಂಟೆ. ದರ ಗಂಟೆಗೆ 50. ಓಡಿದ್ದು 20,000 ಗಂಟೆ, ಆದ ಖರ್ಚು 12.4 ಲಕ್ಷ. ವಸ್ತುಗಳ ಮೇಲೆ ಬಿದ್ದದ್ದು 10 ಲಕ್ಷ, ಕೊರತೆ 2.4 ಲಕ್ಷ. ಅದರಲ್ಲಿ 40,000 ಮಾತ್ರ ಹೆಚ್ಚು ಖರ್ಚು ಮಾಡಿದ್ದು. ಉಳಿದ 2 ಲಕ್ಷ ಓಡದೆ ಹೋದ 4,000 ಗಂಟೆಗಳದ್ದು. ಮೊದಲನೆಯದಕ್ಕೆ ಖರ್ಚು ಮಾಡಿದವರನ್ನು ಕೇಳಬೇಕು, ಎರಡನೆಯದಕ್ಕೆ ಆರ್ಡರ್ ತರಬೇಕಾದವರನ್ನು. ಚಾರ್ಟರ್ ಹ್ಯಾರಿಸನ್ ಮುಂತಾದವರ ಸ್ಟ್ಯಾಂಡರ್ಡ್ ಕಾಸ್ಟಿಂಗ್ ಹೀಗೆ ಅಂತರವನ್ನು ಬಿಡಿಸಿ ನೋಡುವುದನ್ನು ರೂಢಿಗೆ ತಂದಿತು. ನಮ್ಮ ತರಗತಿಗಳಲ್ಲಿ ಮಾತ್ರ ಕೊರತೆಯನ್ನು ಮಾರಿದ ಸರಕಿನ ವೆಚ್ಚಕ್ಕೆ ಸೇರಿಸುವುದು, ದಾಸ್ತಾನಿಗೂ ಹಂಚುವುದು, ಪೂರಕ ದರ ಹಾಕುವುದು ಎಂಬ ಮೂರು ದಾರಿಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಕೊರತೆ ಏಕೆ ಬಂತು ಎಂದು ಕೇಳುವುದನ್ನು ಕಲಿಸುವುದಿಲ್ಲ. ಇದು ನನ್ನನ್ನು ನೋಯಿಸುತ್ತದೆ.

ಭಾರತದಲ್ಲಿ ಕಾಸ್ಟ್ ಅಕೌಂಟೆಂಟರ ಸಂಸ್ಥೆ ಹುಟ್ಟಿದ್ದು 1944ರಲ್ಲಿ. 1959ರ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ದಾಸ್ತಾನಿನ ಮೌಲ್ಯ ಕಟ್ಟುವ ಲೆಕ್ಕಮಾನಕ 2, ಸ್ಥಿರ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕು, ಉತ್ಪಾದನೆ ಕುಸಿದು ಉಳಿದದ್ದನ್ನು ಆ ಅವಧಿಯ ಖರ್ಚಾಗಿ ಬರೆಯಬೇಕು ಎನ್ನುತ್ತದೆ. ಗ್ಯಾಂಟ್ ವಾದವೇ ನಿಯಮವಾಯಿತು.

1980ರ ದಶಕದ ಕೊನೆಗೆ ಕೂಪರ್ ಮತ್ತು ಕ್ಯಾಪ್ಲಾನ್ ಚಟುವಟಿಕೆ ಆಧಾರಿತ ವೆಚ್ಚ ಪದ್ಧತಿ ಮಂಡಿಸಿದಾಗ ಚರ್ಚೆ ಹಂಚಿಕೆಯ ಆಧಾರದ ಕಡೆಗೆ ಹೊರಳಿತು. 2004ರಲ್ಲಿ ಕ್ಯಾಪ್ಲಾನ್ ಮತ್ತು ಆಂಡರ್‌ಸನ್ ಅದನ್ನು ಸರಳಗೊಳಿಸಿದರು: ಕೆಲಸಕ್ಕೆ ನಿಜಕ್ಕೂ ಸಿಗಬಹುದಾದ ಗಂಟೆಗಳ ಮೇಲೆ ದರ ಕಟ್ಟಿ, ಬಳಕೆಯಾಗದ ಗಂಟೆಗಳ ವೆಚ್ಚವನ್ನು ಬೇರೆ ಸಾಲಿನಲ್ಲೇ ತೋರಿಸುವುದು.